ಲವ್‌ಡೇ ಅತ್ತೆಯ ಓಕ್ ಗೋಡೆ

ನಾನು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ಮೊಳೆ, ಸ್ಕ್ರೂ, ಡ್ರಿಲ್ ಎಲ್ಲ ಮಾರುತ್ತೇನೆ. ಮನೆಯಲ್ಲಿ ಒಂದು ಪಟ ನೇತುಹಾಕಬೇಕೆಂದರೆ ಮಾತ್ರ ಹೆಂಡತಿ ಮೆರಿನ್ ಸುತ್ತಿಗೆ ಬಚ್ಚಿಡುತ್ತಾಳೆ. ಅಂಥವನ ಪಾಲಿಗೆ ಬಂತು ಅತ್ತೆಯ ಹಳೆಯ ಮನೆಯ ಒಳಭಾಗವನ್ನು ಸರಿಮಾಡಿಸುವ ಕೆಲಸ.

ಅತ್ತೆ ಲವ್‌ಡೇ ಆ ಮನೆಗೆ ಬಾಡಿಗೆಗೆ ಬಂದದ್ದು ಮದುವೆಯಾದ ಹೊಸದರಲ್ಲಿ. ಬಂದರಿನ ಓಣಿ, ದಪ್ಪ ಮಣ್ಣಿನ ಗೋಡೆ, ತಲೆ ತಗ್ಗಿಸದವರಿಗೆ ಬುಗುಟು ಕೊಡುವ ತೊಲೆಗಳು. ಕಾರು ನಿಲ್ಲಿಸಲು ಜಾಗ ಬೇಕೆಂದು ಮಾಲೀಕ ಅದನ್ನು ಕೆಡವಲು ಹೊರಟಾಗ, ಅತ್ತೆ ಕೈಗೂಸು ಮೆರಿನ್‌ಳನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತರಂತೆ. ಲಂಡನ್ನಿನ ತಜ್ಞರನ್ನು ಕರೆಸಿ, ಮನೆಯನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿಯೇ ಎದ್ದದ್ದು. ಬೇಸತ್ತ ಮಾಲೀಕ ಕೊನೆಗೆ ಅದನ್ನು ಅವರಿಗೇ ಮಾರಿದ. ಅಂದಿನಿಂದ ಊರಿನ ಕೌನ್ಸಿಲ್ ಒಪ್ಪದೆ ಒಳಗಿನ ಒಂದು ಹಲಗೆಯನ್ನೂ ಅಲುಗಾಡಿಸುವಂತಿಲ್ಲ.

ಕಳೆದ ಚಳಿಗಾಲ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಎಡಭಾಗ ಹೋಯಿತು, ನಾಲಿಗೆಗೆ ಏನೂ ಆಗಲಿಲ್ಲ. ಈಗ ವೃದ್ಧರ ಆರೈಕೆ ಕೇಂದ್ರದಲ್ಲಿದ್ದಾರೆ. ನಾವು ಮಕ್ಕಳ ಸಮೇತ ಆ ಮನೆಗೆ ಬಂದು, ಅಡುಗೆಮನೆಯ ಆಚೆಗಿನ ಕೋಣೆಯಲ್ಲಿ ಅವರನ್ನು ಇಟ್ಟುಕೊಳ್ಳುವುದೆಂದು ನಿಶ್ಚಯವಾಗಿತ್ತು. ಬಚ್ಚಲೂ ಅಲ್ಲೇ ಇದೆ. ಆದರೆ ನಡುವಿನ ಅಡ್ಡಗೋಡೆಯ ಬಾಗಿಲಲ್ಲಿ ಗಾಲಿಕುರ್ಚಿ ತೂರುವುದಿಲ್ಲ, ಹಿಂಬದಿಯಿಂದ ಬಾಗಿಲು ಇಡೋಣವೆಂದರೆ ಅಲ್ಲಿ ಬಂಡೆ. ಬಾಗಿಲು ಅಗಲವಾದರೆ ಅತ್ತೆ ಮನೆಗೆ, ಇಲ್ಲವಾದರೆ ಇಲ್ಲ.

ಅಡ್ಡಗೋಡೆಯ ಮೇಲೆ ಮಾವ ತಮ್ಮ ಕಾಲದಲ್ಲಿ ಹಾರ್ಡ್‌ಬೋರ್ಡ್ ಹೊಡೆದಿದ್ದರು. ಅದರ ಹಿಂದೆ ಏನಿದೆಯೆಂದು ನಾನು ಇಣುಕಲಿಲ್ಲ. ಇಣುಕದಿರುವುದರಲ್ಲಿ ನನಗೆ ಒಳ್ಳೆಯ ಪಳಗಿಕೆಯಿದೆ.

ಕೌನ್ಸಿಲ್ಲಿನ ಅಧಿಕಾರಿ ಲಸ್ಕಮ್ ಗೋಡೆ ನೋಡಲು ಬಂದ ದಿನ ಅತ್ತೆಯೂ ಹಗಲಿನ ಮಟ್ಟಿಗೆ ಮನೆಗೆ ಬಂದಿದ್ದರು. ಟೀ, ಜೊತೆಗೆ ಕೆನೆ ಜಾಮ್ ಸವರಿ ತಿನ್ನುವ ಸ್ಕೋನ್ ಬನ್ನು ಇಟ್ಟೆವು. ಆತ ಪೆನ್ನಿನಿಂದ ಅಡ್ಡಗೋಡೆಯನ್ನು ತಟ್ಟಿ, "ಇದು ಈಚಿನದು, ಇದ್ರಲ್ಲಿ ಅಂಥಾದ್ದೇನಿಲ್ಲ. ಬಾಗಿಲು ದೊಡ್ಡದು ಮಾಡ್ಕೊಳ್ಳಿ," ಎಂದ. ನನಗೆ ಹೋದ ಜೀವ ಬಂತು.

ಕುರ್ಚಿಗೆ ಬಂದು ಕೂತವನು ಸ್ಕೋನಿಗೆ ಮೊದಲು ಕೆನೆ ಸವರಿ, ಅದರ ಮೇಲೆ ಜಾಮ್ ಹಾಕಿದ. ನಮ್ಮ ಕಾರ್ನ್‌ವಾಲ್‌ನಲ್ಲಿ ಮೊದಲು ಜಾಮ್; ಮೊದಲು ಕೆನೆ ಸವರುವವರು ಪಕ್ಕದ ಡೆವನ್ ಸೀಮೆಯವರು. ಅತ್ತೆಯ ಮುಖ ಗಂಟಾಯಿತು.

"ಡೆವನ್ನೋನೇನಪ್ಪಾ ನೀನು?"

"ಹೌದು ಮೇಡಂ."

"ಅದಕ್ಕೇ. ಕೆನೆ ಎಲ್ಲಿ ಹಾಕ್ಬೇಕು ಅನ್ನೋದೇ ಗೊತ್ತಿಲ್ಲ, ನನ್ನ ಮನೇಲಿ ಏನಿಲ್ಲ ಅಂತಾನೆ."

ಮೇಜಿನ ಕೆಳಗೆ ಅವರ ಕಾಲನ್ನು ಮೆಲ್ಲಗೆ ಒದ್ದೆ. ಸಿಕ್ಕಿದ್ದು ಎಡಗಾಲು.

"ಆ ಬೋರ್ಡ್ ಕಿತ್ತು ನೋಡು ರಾಜಾ," ಎಂದರು ಲಸ್ಕಮ್‌ಗೆ. "ಹಿಂದಿರೋದು ಓಕ್ ಹಲಗೆ. ನಿಮ್ಮಜ್ಜನ ಅಜ್ಜನಿಗಿಂತ ಹಳೇದು. ಲಂಡನ್ನೋರು ಮಂಡಿ ಊರಿ ನೋಡಿದ್ರು."

ಲಸ್ಕಮ್ ಬೋರ್ಡಿನ ಒಂದು ಮೂಲೆ ಸಡಿಲಿಸಿದ. ಅವನೂ ಮಂಡಿ ಊರಿದ. ಕಪ್ಪಗಿನ ಹಲಗೆಗಳ ಮೇಲೆ ಉಳಿಯ ಗುರುತುಗಳನ್ನು ಬೆರಳಿನಿಂದ ಒಂದೊಂದಾಗಿ ಸವರಿದ. ಎದ್ದಾಗ ಪಾಪ, ಅವನ ಮುಖವೂ ಸಪ್ಪಗಾಗಿತ್ತು.

"ಇದನ್ನ ಕೊಯ್ಯೋಕೆ ನಾನು ಒಪ್ಪಿಗೆ ಕೊಡೋ ಹಾಗಿಲ್ಲ. ನೀವು ಅರ್ಜಿ ಹಾಕಿದ್ರೂ ಯಾರೂ ಕೊಡಲ್ಲ. ಕ್ಷಮಿಸಿ."

"ನೋಡಿದ್ಯಾ," ಎಂದರು ಅತ್ತೆ ನನ್ನ ಕಡೆ ತಿರುಗಿ, ಗೆದ್ದವರಂತೆ. ಆಮೇಲೆ ಮೆರಿನ್‌ಳ ಮುಖ ನೋಡಿದರು.

ಆತ ಹೋದ ಮೇಲೆ ಅತ್ತೆ, ಕುರ್ಚಿಯನ್ನು ಆ ಬಾಗಿಲಿಗೆ ತಳ್ಳು ಎಂದರು. ತಳ್ಳಿದೆ. ಗಾಲಿಗಳು ಬಾಗಿಲ ಚೌಕಟ್ಟಿಗೆ ತಾಗಿ ನಿಂತವು. ಹಿಂದೆ ಎಳೆದು, ಓರೆ ಮಾಡಿ ಮತ್ತೆ ತಳ್ಳಿದೆ. ಅಂಗಡಿಯಲ್ಲಿ ಎಲ್ಲರಿಗೂ ಉಪಾಯ ಹೇಳುವವನು ನಾನು. ಅತ್ತೆ ಬಲಗೈ ಚಾಚಿ ಹಲಗೆಯ ಮೇಲಿಟ್ಟರು.

"ನಾನೇ ಬಾಯ್ಬಿಟ್ಟೆ, ಅಲ್ವೇನೋ?"

"ಇಲ್ಲ ಅತ್ತೆ. ಅವನೇ ಕಂಡುಹಿಡೀತಿದ್ದ."

"ಎಲ್ಲಿ ಕಂಡುಹಿಡೀತಿದ್ದ. ಡೆವನ್ನೋನು."

ಹೊರಗೆ ಆರೈಕೆ ಕೇಂದ್ರದ ವ್ಯಾನು ಬಂದು ನಿಂತಿತ್ತು. ಮೆರಿನ್ ಅವರ ಕೋಟು ತಂದು ಎಡಗೈಯನ್ನು ಮೊದಲು ತೋಳಿನೊಳಗೆ ತೂರಿಸಿದಳು.