ಇಬ್ಬರ ಸಹಿಯ ಷೇರು

ಅಡುಗೆಮನೆಯ ಕಿಟಕಿಗೆ ತೂಗುಹಾಕಿದ ಕೆಂಪು ಬಾಳೆಗೊನೆ ಇವತ್ತು ಮಧ್ಯಾಹ್ನ ಕಡೆಗೂ ವಾಸನೆ ಬಿಟ್ಟಿದೆ. ಕಮಲಾಪುರದ ಹಣ್ಣು. ಕಾಯಿದ್ದಾಗಲೂ ಕೆಂಪು, ಹಣ್ಣಾದಾಗಲೂ ಕೆಂಪು. ಬಣ್ಣ ನಂಬಿ ಬಾಯಿಗಿಟ್ಟು ಮುಖ ಹಿಂಡಿಕೊಂಡವರು ಬಹಳ. ಒತ್ತಿ ನೋಡಬೇಕು, ಮೂಸಿ ನೋಡಬೇಕು. ನಾನು ಹಾಗೆ ಒತ್ತುತ್ತ ನಿಂತಿದ್ದಾಗಲೇ ಮಗಳ ಗಂಡ ಮೊಬೈಲಿಗೆ ಒಂದು ಚಿತ್ರ ಕಳಿಸಿದ. ಎಡಗಡೆ ಕೆಳಗೆ ಹುಟ್ಟಿ ಬಲಗಡೆ ಮೇಲಕ್ಕೆ ಹೋಗುವ ಒಂದು ಹಸಿರು ಗೆರೆ. ಅಡಿಯಲ್ಲಿ ಹೀಗೆ ಬರೆದಿತ್ತು: ‘ಆಗ ಹತ್ತು ಸಾವಿರ ಹಾಕಿ ಸುಮ್ಮನೆ ಕೂತಿದ್ದರೆ ಇವತ್ತು ನೀವು ಕೋಟ್ಯಧಿಪತಿ!’

ನನಗೆ ಆ ‘ರೆ’ ಅಕ್ಷರದ ಮೇಲೆ ಮೊದಲಿನಿಂದಲೂ ಸಂಶಯ. ಸುಮ್ಮನೆ ಕೂತಿದ್ದರೆ! ಕೂತ ಮನುಷ್ಯ ಯಾರು, ಬೇಕೆಂದು ಕೂತನೋ, ಏಳಲು ಬಾರದೆ ಕೂತನೋ, ಇದನ್ನು ಇಂಥ ಚಿತ್ರ ಬರೆಯುವವರು ಯಾರೂ ಕೇಳುವುದಿಲ್ಲ. ನಾನು ಕೇಳುತ್ತೇನೆ, ಏಕೆಂದರೆ ಹಾಗೆ ಕೂತ ಇಬ್ಬರನ್ನು ಹತ್ತಿರದಿಂದ ಕಂಡಿದ್ದೇನೆ. ಒಬ್ಬ ನನ್ನ ಅಪ್ಪ, ಇನ್ನೊಬ್ಬ ಅಪ್ಪನ ತಮ್ಮ, ನನ್ನ ಕಾಕಾ. ಚಿತ್ರದಲ್ಲಿದ್ದದ್ದೂ ಅವರದೇ ಷೇರು. ಕಂಪನಿಯ ಹೆಸರು ಮಾತ್ರ ಹೇಳಲಾರೆ. ಹೇಳಿದರೆ ನೀವು ಈ ಬರಹ ಪಕ್ಕಕ್ಕಿಟ್ಟು ರೇಟು ನೋಡಲು ಹೋಗುತ್ತೀರಿ.

ಅಪ್ಪನಿಗೆ ನೆಹರು ಗಂಜಿನ ಧಾನ್ಯಪೇಟೆಯಲ್ಲಿ ತೊಗರಿಯ ಅಡತಿ ಅಂಗಡಿ. ರೈತರು ತಂದ ಮಾಲು ತೂಗಿ, ಮಾರಿಸಿ, ಕಮಿಷನ್ ಹಿಡಿಯುವ ಕೆಲಸ. ಕಾಕಾ ಕಮಲಾಪುರದಲ್ಲಿ ಹೊಲ, ಬಾಳೆತೋಟ ನೋಡಿಕೊಂಡಿದ್ದ. ಅಜ್ಜನ ಕಾಲದ ಟ್ರ್ಯಾಕ್ಟರ್ ಮಾರಿದ ದುಡ್ಡಿನಲ್ಲಿ, ಯಾರದೋ ಮಾತು ಕೇಳಿ, ಅಣ್ಣತಮ್ಮ ಸೇರಿ ಆ ಷೇರು ಕೊಂಡರು. ಇಬ್ಬರ ಹೆಸರಲ್ಲೂ ಇರಲಿ, ಮಾರುವಾಗ ಇಬ್ಬರ ಸಹಿಯೂ ಬೇಕಾಗಲಿ ಎಂದು ಅಪ್ಪನೇ ಹಟ ಹಿಡಿದನಂತೆ. ಪ್ರೀತಿಯೋ, ಮುಂಜಾಗ್ರತೆಯೋ? ಅಪ್ಪನ ವಿಷಯದಲ್ಲಿ ಇವೆರಡನ್ನು ಬೇರೆ ಮಾಡುವುದು ಕಷ್ಟ. ಹಾಲಿನವನು ಅಳೆದು ಹಾಕಿದ ಹಾಲನ್ನು ಅಂವ ಮತ್ತೊಮ್ಮೆ ಅಳೆಯುವವನು, ದೇವರ ಪ್ರಸಾದವನ್ನೂ ಮೂಸಿ ತಿನ್ನುವವನು. ಆ ಗುಣ ನನಗೂ ಬಂದಿದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಯಾಕೆ ಹೇಳುತ್ತಾರೋ, ಏನು ಉದ್ದೇಶವೋ.

ಆ ಷೇರು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಇವತ್ತು ಅಟ್ಟದ ಮೇಲೆ, ನಾಳೆ ನೆಲದಡಿಯ ಹಗೇವಿನಲ್ಲಿ. ಒಮ್ಮೆ ಚೆನ್ನಾಗಿ ಏರಿದಾಗ ಅಪ್ಪ ಮಾರುವ ಕಾಗದ ಹಿಡಿದು ಕಮಲಾಪುರಕ್ಕೆ ಹೋದ. ನಾನೂ ಜೊತೆಗಿದ್ದೆ. ಊಟಕ್ಕೆ ಕೂತಿದ್ದರು. ಕಾಕಾ ರೊಟ್ಟಿ ಮುರಿಯುತ್ತ, ನಗುತ್ತಲೇ ಅಂದ:

“ರೇಟ್ ಎಷ್ಟಕ್ಕ ಹೋತು ಅಂತ ನೀ ಹೇಳಿದ್ದೇ ನಾ ನಂಬಬೇಕಲಾ ಅಣ್ಣಾ. ನೀ ಗಂಜಿನಾಂವ.”

ಚೇಷ್ಟೆಯ ಮಾತೇ ಇರಬೇಕು. ಆದರೆ ಗಂಜಿನಲ್ಲಿ ಒಬ್ಬನ ಹೆಂಡತಿಯ ಅಡುಗೆಗೆ ಹೆಸರಿಡಬಹುದು, ಮಕ್ಕಳ ಬಣ್ಣಕ್ಕೆ ಹೆಸರಿಡಬಹುದು. ತಕ್ಕಡಿಗೆ ಹೆಸರಿಡುವ ಹಾಗಿಲ್ಲ. ಅಪ್ಪ ತಾಟಿನಲ್ಲೇ ಕೈ ತೊಳೆದ. “ನನ್ನ ತಕ್ಕಡಿ ಮ್ಯಾಲ ಶಕ್ ಮಾಡ್ತಿಯೇನು?” ಎಂದು ಕಾಗದ ಮಡಚಿ ಕಿಸೆಗಿಟ್ಟು ಎದ್ದ. ಬಸ್‌ಸ್ಟ್ಯಾಂಡಿನವರೆಗೆ ಕಾಕಾ ಹಿಂದೆಯೇ ಬಂದ. ಅಪ್ಪ ತಿರುಗಿ ನೋಡಲಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ಮಾತು ಮುಗಿದರೂ ಷೇರು ಮುಗಿಯಲಿಲ್ಲ. ಮಾರಬೇಕಾದರೆ ಒಬ್ಬ ಇನ್ನೊಬ್ಬನ ಬಾಗಿಲಿಗೆ ಹೋಗಬೇಕು. ಹೋಗುವವರು ಯಾರು? ರೇಟು ಏರಿದರೆ ಅಪ್ಪ “ಈಗ ಬರ್ತಾನ ನೋಡು ಸಹಿ ಕೇಳ್ಕೋತ” ಎನ್ನುತ್ತಿದ್ದ. ಬಿದ್ದರೆ “ಈಗರ ಬುದ್ಧಿ ಬಂದಿರಬೇಕು” ಎನ್ನುತ್ತಿದ್ದ. ವರ್ಷಗಳು ಹೋದವು. ರೇಟಿನ ಸುದ್ದಿ ಗಂಜಿನಲ್ಲಿ ಹಬ್ಬಿ, ಅಂಗಡಿಗೆ ಬಂದವರು, ಇಷ್ಟು ವರ್ಷ ಹೇಗೆ ತಡೆದುಕೊಂಡು ಕೂತಿರಿ ಎಂದು ಕೇಳತೊಡಗಿದರು. ಅಪ್ಪ ಗಾದಿಗೆ ಒರಗಿ, ಗಂಭೀರವಾಗಿ, “ಸಬರ್ ಇರಬೇಕ್ರಿ, ಸಬರ್” ಎನ್ನುತ್ತಿದ್ದ. ತಾಳ್ಮೆಯ ಬಗ್ಗೆ ಉಪದೇಶ ಮಾಡುವವರನ್ನು ಕಂಡರೆ ಅವತ್ತಿನಿಂದ ನಾನು ಅವರ ಅಣ್ಣತಮ್ಮಂದಿರ ಬಗ್ಗೆ ವಿಚಾರಿಸುತ್ತೇನೆ.

ಈ ನಡುವೆ ಆಗಾಗ ಕಮಲಾಪುರದ ಬಸ್ಸಿನಲ್ಲಿ ಒಂದು ಬಾಳೆಗೊನೆ ಬರುತ್ತಿತ್ತು. ಚೀಟಿಯಿಲ್ಲ, ಮಾತಿಲ್ಲ. ಅಪ್ಪ ಕೂಡಲೇ ಪೇಪರು ತೆಗೆದು ಷೇರಿನ ಪುಟ ನೋಡುವವನು. “ಏರ್ಯಾದ! ಹೇಳಿದ್ದಿಲ್ಲೇನು? ಅದಕ್ಕ ಬಾಳಿಹಣ್ಣು ಬಂದಾವ. ಸಹಿಗಿ ಗಾಳ ಹಾಕ್ಲಾಕತ್ತಾನ ಮಗ!” ಯಾವಾಗ ಗೊನೆ ಬಂದರೂ ರೇಟು ಏರಿಯೇ ಇರುತ್ತಿತ್ತು. ನಾನೂ ಪೇಪರಿನಲ್ಲಿ ನೋಡಿದ್ದೇನೆ, ಅಪ್ಪನ ಮಾತು ಸುಳ್ಳಲ್ಲ. ಗೊನೆಯನ್ನು ಪಡಸಾಲೆಯ ಜಂತಿಗೆ ಕಟ್ಟಿಸಿ, ಯಾರೂ ಮುಟ್ಟಬಾರದು ಎನ್ನುತ್ತಿದ್ದ. ಆಮೇಲೆ, ಸುಮ್ಮನೆ ಕೆಟ್ಟು ಹೋಗಬಾರದೆಂದು, ತಾನೇ ಒಂದೊಂದಾಗಿ ಎಲ್ಲವನ್ನೂ ತಿನ್ನುತ್ತಿದ್ದ.

ಅಪ್ಪ ತೀರಿಕೊಂಡಾಗ ಕಾಕಾ ಮಣ್ಣಿಗೆ ಬಂದ. ಬಾಗಿಲಲ್ಲೇ ನಿಂತು ಜಂತಿಯ ಕಡೆ ನೋಡಿದ. ಅಲ್ಲಿ ಗೊನೆಯ ಒಣಗಿದ ದಿಂಡು ಮಾತ್ರ ತೂಗುತ್ತಿತ್ತು.

“ತಿಂದಾನೇನು?” ಎಂದು ಕೇಳಿದ.

“ತಿಂದಾನ ಕಾಕಾ.”

ತಲೆಯಾಡಿಸಿ ಒಳಗೆ ಹೋದ. ಅಣ್ಣ ಸತ್ತ ಹೊತ್ತಿನಲ್ಲಿ ಬಾಳೆಹಣ್ಣಿನ ಲೆಕ್ಕ ಕೇಳುತ್ತಾನಲ್ಲ ಎಂದು ನನಗೆ ಬಹಳ ಸಿಟ್ಟು ಬಂತು. ಎರಡು ಮಳೆಗಾಲ ಕಳೆಯುವುದರೊಳಗೆ ಅವನೂ ಹೋದ. ಷೇರು ನನ್ನ ಮತ್ತು ಕಾಕಾನ ಮಗಳು ನೀಲಾಳ ಹೆಸರಿಗೆ ಬಂತು. ಅದೇ ಕಟ್ಟಳೆ, ಇಬ್ಬರ ಸಹಿ.

ನೀಲಾ ಹೋದ ವಾರ ಹೇಳದೆ ಕೇಳದೆ ಬಂದಳು. ಒಂದು ಕೈಯಲ್ಲಿ ಮಾರುವ ಕಾಗದ, ಇನ್ನೊಂದರಲ್ಲಿ ಈ ಗೊನೆ. ರೇಟು ಏರಿದೆ, ಬಾಳೆಹಣ್ಣು ಬಂದಿದೆ! ಚಹಾ ಕೊಟ್ಟು, ನಗುತ್ತಲೇ ಕುಟುಕಿದೆ: “ಕಾಕಾನೂ ಹಿಂಗೇ ಕಳಸ್ತಿದ್ದ ನೋಡು, ರೇಟ್ ಏರಿದಾಗ.”

ನೀಲಾ ಚಹಾದ ಬಸಿ ಕೆಳಗಿಟ್ಟು ನನ್ನ ಮುಖ ನೋಡಿದಳು.

“ಏರಿದಾಗಲ್ಲಕ್ಕಾ, ಬಿದ್ದಾಗ. ಪೇಪರ್‌ನಾಗ ಬಿದ್ದಿದ್ದು ನೋಡಿದ್ರ ಅಪ್ಪಗ ಸಮಾಧಾನನೇ ಇರ್ತಿದ್ದಿಲ್ಲ. ‘ಅಣ್ಣ ಇವತ್ತ ಉಂಡಿರಂಗಿಲ್ಲ’ ಅಂತ ಹೇಳಿ ಅವತ್ತೇ ಗೊನಿ ಕಡಸ್ತಿದ್ದ. ಹಸೀದು ಹೆಂಗ ಕಳಸೋದು ಅಂತ ಒಂದು ಕಾಯಿ ಮೆತ್ತಗಾಗೋತನ ಕಾಯ್ತಿದ್ದ.”

ಕೆಂಪು ಬಾಳೆ ಮೆತ್ತಗಾಗಲು ಎಷ್ಟು ದಿನ ಹಿಡಿಯುತ್ತದೆಂದು ನನಗೆ ಗೊತ್ತು. ಅಷ್ಟರಲ್ಲಿ ಆ ಹಾಳು ಷೇರು ಮತ್ತೆ ಏರಿ ಕೂತಿರುತ್ತಿತ್ತು. ಕಮಲಾಪುರದಿಂದ ಸಂಕಟದಲ್ಲಿ ಹೊರಟ ಗೊನೆ ಗಂಜಿಗೆ ಬರುವಾಗ ಆಸೆಬುರುಕತನವಾಗಿರುತ್ತಿತ್ತು. ಬಾಗಿಲಲ್ಲಿ ನಿಂತು ಕಾಕಾ ಕೇಳಿದ ಪ್ರಶ್ನೆ ನೆನಪಾಗಿ ಅಳು ಬಂತು, ಅತ್ತುಬಿಟ್ಟೆ.

“ಮತ್ತ ಈಗ ಯಾಕ ಮಾರೋಣ ಅಂತೀ?” ಎಂದು ಕಣ್ಣೊರೆಸಿಕೊಂಡು ಕೇಳಿದೆ. ಅಪ್ಪನ ಮಗಳಲ್ಲವೇ, ಅಳುವಾಗಲೂ ಕೇಳುವುದನ್ನು ಬಿಡಲಿಲ್ಲ.

“ನಮ್ಮ ಮಕ್ಕಳ ಹೆಸರಿಗಿ ಹೋಗೋದು ಬ್ಯಾಡಕ್ಕಾ. ನೀನೂ ನಾನೂ ಮಾತಾಡಾಕತ್ತೀವಿ, ಹಿಂಗ ಇದ್ದಾಗೇ ಮುಗಿಸಿಬಿಡೋಣು.”

ಸಹಿ ಮಾಡಿದೆ. ಅಳಿಯನಿಗೆ ಅದೇ ಸಂಕಟ. ಇವತ್ತಿನ ಚಿತ್ರ ಕಳಿಸಿದ್ದು ಅದಕ್ಕೇ. “ಇನ್ನೊಂದಿಷ್ಟು ವರ್ಷ ಇಟ್ಟಿದ್ದರ, ಅತ್ತೀ...” ಎಂದು ಫೋನಿನಲ್ಲಿ ನಿಟ್ಟುಸಿರು ಬಿಟ್ಟ. ಅಲ್ಲಿಯೂ ಒಂದು ‘ರ’.

ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ದೂರದಿಂದ ನೆಟ್ಟಗೆ ಕಾಣುವ ಗೆರೆ ಹತ್ತಿರದಲ್ಲಿ ಹಲ್ಲುಹಲ್ಲು. ಆ ಒಂದೊಂದು ತಗ್ಗಿಗೂ ಕಮಲಾಪುರದಲ್ಲಿ ಒಂದು ಗೊನೆ ಇಳಿದಿದೆ. ತೀರ ಬಲತುದಿಯಲ್ಲಿ, ನಾವು ಮಾರಿದ ಮೇಲೆ, ಗೆರೆ ಮತ್ತೆ ಕೆಳಗೆ ಬಾಗಿತ್ತು. ಗೊನೆಯಿಂದ ಒಂದು ಹಣ್ಣು ಮುರಿದುಕೊಂಡು ನೀಲಾಳಿಗೆ ಫೋನ್ ಮಾಡಿದೆ.

“ನೀಲಾ, ಬಿದ್ದಾದ ನೋಡು.”

“ಬೀಳಲಿ ಬಿಡಕ್ಕಾ,” ಅಂದಳು. “ನೀ ಉಂಡಿಯೇನು?”