ಅಮ್ಮನ ನಿವೃತ್ತಿ

ಶಾಲೆಯ ಮೇಷ್ಟ್ರಿಗೆ ನಿವೃತ್ತಿಯೆಂದರೆ ಪೆನ್ಶನ್. ನಮ್ಮ ವಯನಾಡಿನ ಮಲಯಾಳಿ ನೆರೆಯವರು ಕೈಚೆಲ್ಲಿ ಕೂತಾಗ "ನಿವೃತ್ತಿಯಿಲ್ಲ" ಅನ್ನುತ್ತಾರೆ, ಬೇರೆ ದಾರಿಯಿಲ್ಲ ಅಂತ. ಮನೆಯೊಳಗೆ ಕನ್ನಡವಾಡುವ ನಮ್ಮ ಜೈನ ಮನೆಯಲ್ಲಿ ಅದು ಅಡುಗೆಕೋಣೆಯ ಮಾತು. ವ್ರತವೆಂದು ಯಾವುದಾದರೂ ತಿನಿಸು ಬಿಟ್ಟರೆ ಅದರಿಂದ ನಿವೃತ್ತಿ. ಅಜ್ಜಿ ಹಲಸಿನಹಣ್ಣಿನಿಂದ ನಿವೃತ್ತಿಯಾದ ವರ್ಷ, ತಿನ್ನುವ ನಮ್ಮನ್ನೆಲ್ಲ ಬೈಯುತ್ತಾ ಮೂಗು ಮುಚ್ಚಿಕೊಂಡು ಜಗಲಿಯಲ್ಲಿ ಕೂರುತ್ತಿದ್ದಳು.

ನನ್ನ ತಮ್ಮ ಗದ್ದೆಯಿಂದ ಇಲಿಜ್ವರ ಹತ್ತಿಸಿಕೊಂಡು ಬಂದು ಒಂದೇ ವಾರದಲ್ಲಿ ಹೋದ. ಅಮ್ಮ ಮೊದಲು ಸಕ್ಕರೆ ಬಿಟ್ಟಳು. ಒಳ್ಳೆಯದೇ ಎಂದು ನಾನೂ ಜೊತೆಗೆ ಬಿಟ್ಟೆ, ಪೆದ್ದಿ. ಆಮೇಲೆ ಹಾಲು, ಉಪ್ಪು, ಕೊನೆಗೆ ಅನ್ನ. ಅವಳು ಸಾಯಲು ಹೊರಟಿದ್ದಾಳೆಂದು ಆಗ ತಿಳಿಯಿತು. ಸಲ್ಲೇಖನಕ್ಕೆ ಗುರುಗಳ ಅಪ್ಪಣೆ ಕೇಳಿದ್ದೀಯಾ ಎಂದರೆ ಗೋಡೆಯ ಕಡೆ ಹೊರಳಿದಳು. ಡಾಕ್ಟರ್ ಹಾಕಿದ ಡ್ರಿಪ್ ಕಿತ್ತೆಸೆದಳು. ಕಾಲು ಹಿಡಿದು ಅತ್ತೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಹೀಗೆ ಹೋಗುವವರು ಮನೆಯವರಲ್ಲೆಲ್ಲ ಕ್ಷಮೆ ಕೇಳಿ, ಅದು ಸಿಕ್ಕ ಮೇಲೆಯೇ ಹೋಗಬೇಕು. ಒಂದು ಬೆಳಿಗ್ಗೆ ಅಮ್ಮ ನನಗೆ ಕೈಮುಗಿದಳು.

"ನಿಂಗೆ ಸಂಕಡ ಆಗೋ ಹಂಗೆ ಏನಾದ್ರೂ ಮಾಡಿದ್ರೆ, ಕ್ಷಮಿಸ್ದೆ ಅನ್ನು."

"ಇಲ್ಲ," ಅಂದೆ. "ಪೇರಲೆ ಕದ್ದವನು ತಮ್ಮ, ನೀನು ಬಾರಿಸಿದ್ದು ನನಗೆ."

ಅವಳು ಕಣ್ಣುಮುಚ್ಚಿ ನೆನೆಸಿಕೊಂಡು ಅದಕ್ಕೆ ಕ್ಷಮೆ ಕೇಳಿದಳು. ಮರುದಿನ ಇನ್ನೊಂದು ತಪ್ಪು ಹುಡುಕಿದೆ. ಅದರ ಮರುದಿನ ಹುಟ್ಟಿಸಿದೆ. ನನ್ನ ಹತ್ತಿರ ತಪ್ಪುಗಳಿರುವವರೆಗೆ ಅವಳು ಹೋಗಲಾರಳು ಎಂಬ ಹುಚ್ಚು ನಂಬಿಕೆ. ಅವಳ ತುಟಿ ಒಡೆದು ರಕ್ತ ಒಸರುತ್ತಿತ್ತು, ನಾನು ಮಂಚದ ಪಕ್ಕ ಕೂತು ಸುಳ್ಳು ಹೆಣೆಯುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಒಂದು ದಿನ ಏನೂ ಹೊಳೆಯಲಿಲ್ಲ. ಹೆದರಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಸತ್ತವಳು ನಾನಾಗಿದ್ದರೆ ನೀನು ಒಂದು ತುತ್ತೂ ಬಿಡುತ್ತಿರಲಿಲ್ಲ."

ಅಮ್ಮ ಕೈಮುಗಿಯಲಿಲ್ಲ.

"ಅದು ನಿಜ," ಅಂದಳು. "ಅದಕ್ಕೆ ಯಾವ ಬಾಯಲ್ಲಿ ಕ್ಷಮೆ ಕೇಳ್ಲಿ. ಕೇಳ್ದೆ ಹೋಗಕ್ಕೂ ಆಗಲ್ಲ. ಗಂಜಿ ತಾ."

ಚಮಚದಲ್ಲಿ ಕುಡಿಸಿದೆ. ಈಗ ಉಪ್ಪು ಹಾಕಿಯೇ ಉಣ್ಣುತ್ತಾಳೆ, ಅಂಗಳದಲ್ಲಿ ಒಣಗುವ ಕಾಫಿಬೀಜ ಕೆದಕುತ್ತಾಳೆ. ದಿನಾ ಬೆಳಿಗ್ಗೆ ಒಮ್ಮೆ ನನ್ನ ಮುಖ ನೋಡುತ್ತಾಳೆ. ಇನ್ನೂ ಕ್ಷಮಿಸಿಲ್ಲ ಅನ್ನುತ್ತೇನೆ. ಈಗ ಅದು ಸುಳ್ಳಲ್ಲ.