ಮ್ಯೂಸಿಯಮ್ಮಿನಲ್ಲಿ ನಾನು ಅಕ್ಕನಿಗೆ ಅಂದ ಮಾತು

ನನ್ನ ಮಗಳು ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಎರಡು ವರ್ಷದಿಂದ ಕರೆಯುತ್ತಲೇ ಇದ್ದಳು. ಕೊನೆಗೆ ಬೇಸಿಗೆ ರಜೆಯಲ್ಲಿ ಹೊರಡುತ್ತೇನೆಂದಾಗ, "ದೊಡ್ಡವ್ವನ್ನೂ ಕರ್ಕೊಂಡು ಬಾ, ಇಲ್ಲಾಂದ್ರ ನೀನೂ ಬರಬ್ಯಾಡ" ಎಂದಳು.

ದೊಡ್ಡವ್ವ ಎಂದರೆ ಸಗರ ಎಂಬ ಹಳ್ಳಿಯಲ್ಲಿರುವ ನನ್ನ ಅಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ತನ್ನ ಗಂಡನ ಮನೆಗೇ ಕರೆದೊಯ್ದು ಸಾಕಿದವಳು. ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟು ಶಹಾಪುರದ ಕಾಲೇಜಿಗೆ ಕಳಿಸಿದವಳು. ಇವತ್ತು ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರೆ ಅದು ಅವಳಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮಾಡಿದ್ದು ಎಂಥವಳಿಗೆ ಎಂಬುದು ಗೊತ್ತಿರಲಿ.

ವಿಮಾನ ಇಳಿದ ದಿನದಿಂದಲೇ ನನಗೆ ಮುಜುಗರ ಶುರುವಾಯಿತು. ಅಕ್ಕನ ಇಳಕಲ್ ಸೀರೆಯ ಮೇಲೆ ಮಗಳ ದಪ್ಪ ಜಾಕೆಟ್ಟು, ಕಾಲಿಗೆ ಬಿಳಿ ಬೂಟು. ಈ ಹೊಲದಿಂದ ಆ ಹೊಲಕ್ಕೆ ಕೂಗಿ ರೂಢಿಯಾದ ದನಿ. ರೈಲಿನಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದರೆ ಅಕ್ಕ, "ಇವ್ರ ಮನ್ಯಾಗ ಏನರ ಆಗ್ಯಾದೇನು? ಯಾರೂ ಮಾತೇ ಆಡವಲ್ರು" ಎಂದು ಕೇಳಿದಳು. ಮಗಳು ಬಿದ್ದು ಬಿದ್ದು ನಕ್ಕಳು. ನಾನು "ಮೆಲ್ಲಗ ಅಕ್ಕ" ಎಂದು ಅವಳ ಮೊಣಕೈ ಚಿವುಟಿದೆ. ಮೃಗಾಲಯದಲ್ಲಿ ಪೆಂಗ್ವಿನ್ನುಗಳನ್ನು ನೋಡಿ, "ಬಾ ಇಲ್ಲಿ, ಥೇಟ್ ನಿಮ್ಮ ಸಾಲಿ ಹೆಡ್‌ಮಾಸ್ತರ ಅಡ್ಡಾಡಿದಂಗ ಅಡ್ಡಾಡಾಕತ್ತಾವ" ಎಂದು ಕೂಗಿದಳು. ಜನ ತಿರುಗಿ ನೋಡಿದರು. ನಾನು ಅವಳ ಕಡೆಯವಳೇ ಅಲ್ಲ ಎಂಬಂತೆ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತೆ.

ಮೂರನೆಯ ದಿನ ಮ್ಯೂಸಿಯಮ್ಮಿಗೆ ಹೋದೆವು. ಆಸ್ಪತ್ರೆಯಿಂದ ಫೋನ್ ಬಂತೆಂದು ಮಗಳು ಹೊರಗೆ ಹೋದಳು. ನಾವಿಬ್ಬರೇ ಈಜಿಪ್ಟಿನ ಕೋಣೆಯೊಳಗೆ ಹೋದೆವು. ಮೂಲೆಯ ಒಂದು ಗಾಜಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ, ಮೊಳಕ್ಕಿಂತ ಸ್ವಲ್ಪ ಉದ್ದದ ಹೆಣವಿತ್ತು. ಒಂದು ಮಗುವಿನದು. ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಬೂಟು ಕಳಚಿಟ್ಟು ನೆಲದ ಮೇಲೆ ಕುಳಿತು, ಗಾಜಿಗೆ ಅಂಗೈ ಹಚ್ಚಿ, ನಮ್ಮೂರಲ್ಲಿ ಸತ್ತ ಮನೆಯಲ್ಲಿ ಅಳುವ ಹಾಗೆ ದನಿ ತೆಗೆದು ಅಳತೊಡಗಿದಳು. "ಯಾರ ಕೂಸವ್ವ ನೀನು? ಮಣ್ಣಿಗಿ ಕೊಡದ ನಿನ್ನ ಹಿಂಗ ಯಾಕ ಇಟ್ಟಾರವ್ವ?"

ಅವಳು ಯಾಕೆ ಅಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಅಕ್ಕನ ಮೊದಲ ಮಗಳು ಮೂರು ವರ್ಷದವಳಿದ್ದಾಗ ಜ್ವರದಲ್ಲಿ ಹೋದಳು. ಆಗ ನನಗೆ ಹತ್ತು ವರ್ಷ, ಅದೇ ಮನೆಯಲ್ಲಿದ್ದೆ. ಬಿಳಿ ಬಟ್ಟೆ ಸುತ್ತುವಾಗ ಒಂದು ತುದಿ ಹಿಡಿದುಕೊಂಡವಳು ನಾನೇ. ಆದರೂ ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಎಲ್ಲರೂ ನೋಡುತ್ತಿದ್ದಾರೆ.

ಸಮವಸ್ತ್ರ ಹಾಕಿದ ಕಾವಲಿನ ಹೆಂಗಸೊಬ್ಬಳು ಬಂದು, ಇವರಿಗೆ ಹುಷಾರಿಲ್ಲವೇ, ಡಾಕ್ಟರನ್ನು ಕರೆಸಲೇ ಎಂದು ಮೃದುವಾಗಿಯೇ ಇಂಗ್ಲಿಷಿನಲ್ಲಿ ಕೇಳಿದಳು. ಈಕೆ ಒಂದು ಮಗುವನ್ನು ಕಳೆದುಕೊಂಡವಳು ಎಂದು ಹೇಳಬಹುದಿತ್ತು. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ. ನಾನು ಹಣೆಯ ಪಕ್ಕ ಬೆರಳು ತಿರುಗಿಸಿ, "ಸಾರಿ, ಮೆಂಟಲ್ ಪ್ರಾಬ್ಲಮ್" ಎಂದೆ. ನಕ್ಕೆ ಕೂಡ.

ಆ 'ಮೆಂಟಲ್' ಅರ್ಥವಾಗಲು ಅಕ್ಕನಿಗೆ ಇಂಗ್ಲಿಷ್ ಬೇಕಿರಲಿಲ್ಲ. ನಮ್ಮ ಕಡೆ ಚಹಾದಂಗಡಿಯಲ್ಲೂ ಆಡುವ ಮಾತು ಅದು. ಅವಳ ಅಳು ಅರ್ಧಕ್ಕೇ ನಿಂತುಹೋಯಿತು. ನನ್ನ ಮುಖ ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಬೂಟು ಹಾಕಿಕೊಂಡಳು. ಲೇಸು ಕಟ್ಟಲು ಬರಲಿಲ್ಲ. ಕಾವಲಿನ ಹೆಂಗಸೇ ಮಂಡಿಯೂರಿ ಕಟ್ಟಿದಳು. ನಾನು ನಿಂತು ನೋಡಿದೆ.

ಮಗಳು ಬಂದು, "ದೊಡ್ಡವ್ವ, ಯಾಕ ಕಣ್ಣು ಕೆಂಪಾಗ್ಯಾವ?" ಎಂದಾಗ ಅಕ್ಕ, "ಧೂಳ ಬಿತ್ತವ್ವ" ಎಂದಳು.

ಮರುದಿನ ಗುಲಾಬಿ ತೋಟಕ್ಕೆ ಹೋದೆವು. ಅಷ್ಟು ಬಣ್ಣದ ಗುಲಾಬಿ ನಾನು ಕಂಡಿರಲಿಲ್ಲ. ಅಕ್ಕ ಕೂಗಲಿಲ್ಲ. ಬೆಂಚಿನ ಬಳಿ ನಿಂತು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ, "ಇಲ್ಲಿ ಕೂಡಬಹುದೇನು?" ಎಂದು ನನ್ನನ್ನು ಕೇಳಿದಳು. ಅಲ್ಲಿದ್ದಷ್ಟು ದಿನವೂ ಹಾಗೆಯೇ, ಏನು ಮಾಡುವುದಿದ್ದರೂ ನನ್ನ ಅಪ್ಪಣೆ ಕೇಳಿದಳು.

ಊರಿಗೆ ಬಂದ ಮೇಲೆ ಅಕ್ಕನನ್ನು ಬಿಡಲು ಸಗರಕ್ಕೆ ಹೋದೆ. ಓಣಿಯ ಹೆಂಗಸರೆಲ್ಲ ಸೇರಿದ್ದರು. ಅಕ್ಕ ಪೆಂಗ್ವಿನ್ನಿನ ನಡಿಗೆ ಮಾಡಿ ತೋರಿಸಿ ನಗಿಸಿದಳು. ಆಮೇಲೆ, "ನಮ್ಮ ತಂಗಿ ಅಲ್ಲಿ ಫಟಾಫಟ್ ಇಂಗ್ಲಿಷ್ ಮಾತಾಡ್ತಾಳ್ರಿ. ಆಕಿ ಇದ್ದದ್ದಕ್ಕ ನಾ ಆರಾಮ ಅಡ್ಡಾಡಿ ಬಂದೆ" ಎಂದಳು. ಹೆಂಗಸರು ನನ್ನನ್ನು ಹೊಗಳಿದರು. ನಾನು ಚಹಾದ ಲೋಟದಿಂದ ಮುಖ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಳು. "ಅಕ್ಕ, ಅವತ್ತ ನಾ ತಪ್ಪ ಮಾಡಿದೆ" ಎಂದೆ.

ಅವಳ ಕೈ ನಿಲ್ಲಲಿಲ್ಲ. "ಹೌದು, ಮಾಡಿದಿ. ನನಗ ಭಾಳ ನೋವಾತು."

ಹೋಗಲಿ ಬಿಡು ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಒಂದೆರಡು ಹರಳು ಆರಿಸಿ ಹಾಕಿದ ಮೇಲೆ ಕೇಳಿದಳು: "ಆ ಕೂಸು ಯಾವ ಬ್ಯಾನಿಯಿಂದ ಸತ್ತಿತ್ತಂತ? ಅಲ್ಲಿ ಏನೋ ಬರ್ದಿತ್ತಲ್ಲ."

ಪೆಟ್ಟಿಗೆಯ ಕೆಳಗೆ ಇಂಗ್ಲಿಷಿನಲ್ಲೂ ನಾಲ್ಕು ಸಾಲು ಇದ್ದದ್ದು ನೆನಪಾಯಿತು. "ನಾ ಓದಲಿಲ್ಲ ಅಕ್ಕ" ಎಂದೆ.

"ಓದಬೇಕಿತ್ತು" ಎಂದು ಅಕ್ಕ ಎದ್ದು, ನನಗೆ ಊಟಕ್ಕೆ ಬಡಿಸಲು ಒಳಗೆ ಹೋದಳು.